ಸಂಪಾದಕರ ಉತ್ತರ: ಕುಣಿಯಬಲ್ಲವರಿಗೂ ನೆಲ ಬೇಕು

ಮಾನ್ಯರೇ,

ಮೆಚ್ಚಿನ ವಾದ್ಯಗಳ ಬಗ್ಗೆ ಕಲಾವಿದರು ಮಾತಾಡಿದ್ದ ಕಳೆದ ಸಂಚಿಕೆಯ ಪುಟಗಳನ್ನು ಓದಿ ನೀವು ಬರೆದ ಪತ್ರ ತಲುಪಿತು. “ಇದೆಲ್ಲ ಬರೀ ವ್ಯಾಮೋಹ. ವಿದ್ವತ್ತು ಇದ್ದವರು ಯಾವ ವಾದ್ಯ ಕೈಗಿತ್ತರೂ ನುಡಿಸಬೇಕು. ಕುಣಿಯಲಾರದವಳಿಗೆ ನೆಲ ಡೊಂಕು” ಎಂದು ಮೂದಲಿಸಿದ್ದೀರಿ. ಜೊತೆಗೆ, ಪಿಟೀಲು ಕಲಿಯುತ್ತಿರುವ ಮಗಳು ಬೇರೆ ಪಿಟೀಲು ಕೇಳುತ್ತಿದ್ದಾಳೆ, ಕೊಡಿಸಲೇ ಎಂದೂ ಕೇಳಿದ್ದೀರಿ. ಮೊದಲು ಗಾದೆಯನ್ನು ನೋಡೋಣ, ಮಗಳ ವಿಚಾರ ಆಮೇಲೆ.

ನಿಮ್ಮ ಅನುಮಾನದಲ್ಲಿ ಹುರುಳಿದೆ. 2012ರಲ್ಲಿ ಪ್ಯಾರಿಸ್ಸಿನಲ್ಲಿ ನಾದದ ಸಂಶೋಧಕಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಅವರ ತಂಡ ಹತ್ತು ಮಂದಿ ಹೆಸರಾಂತ ಪಿಟೀಲು ವಾದಕರನ್ನು ಸೇರಿಸಿತು. ಮುಂದಿಟ್ಟದ್ದು ಹನ್ನೆರಡು ಪಿಟೀಲು: ಆರು ಹಳೆಯ ಇಟಾಲಿಯನ್, ಆರು ಹೊಸತು. ಹಳೆಯವುಗಳಲ್ಲಿ ಐದು, ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿ ಮಾಡಿದವು. ಯಾವುದು ಯಾವುದೆಂದು ಗೊತ್ತಾಗದಂತೆ ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿದ್ದರು. ಕಛೇರಿ ಪ್ರವಾಸಕ್ಕೆ ಒಂದನ್ನು ಒಯ್ಯುವುದಾದರೆ ಯಾವುದು ಎಂದು ಕೇಳಿದಾಗ ಹತ್ತರಲ್ಲಿ ಆರು ಮಂದಿ ಹೊಸ ಪಿಟೀಲನ್ನೇ ಆರಿಸಿದರು. ಹಳತೋ ಹೊಸತೋ ಎಂದು ಗುರುತಿಸುವುದರಲ್ಲೂ ಊಹೆಗಿಂತ ಮುಂದೆ ಹೋಗಲಾಗಲಿಲ್ಲ. ಇಷ್ಟು ಸಾಕು, ಹೆಸರು ಮತ್ತು ಬೆಲೆಯ ಮೇಲಿನ ಭಕ್ತಿಗೆ ಆಧಾರ ತೆಳು ಎಂದು ಒಪ್ಪುತ್ತೇನೆ.

ಆದರೆ ಈ ಪರೀಕ್ಷೆ ಅಳೆದದ್ದು ಮೊದಲ ಭೇಟಿಯ ಮೆಚ್ಚುಗೆಯನ್ನು. ಇಪ್ಪತ್ತು ವರ್ಷ ಒಂದೇ ವಾದ್ಯದೊಡನೆ ಬಾಳಿದವರ ಒಲವು ಬೇರೆ. ಅದರ ಬೇರು ವಾದ್ಯದ ಗುಣಕ್ಕಿಂತ ಅದರ ಹಟದಲ್ಲಿ ಇರುತ್ತದೆ ಎಂಬುದು ನನ್ನ ಅನಿಸಿಕೆ. ವಾದ್ಯ ಎಲ್ಲಿ ಬಗ್ಗುವುದಿಲ್ಲವೋ ಅಲ್ಲಿ ಕೈ ಹೊಸ ದಾರಿ ಹುಡುಕುತ್ತದೆ. ಆ ದಾರಿಯನ್ನೇ ನಾವು ಮುಂದೆ ಅವರ ಶೈಲಿ ಎನ್ನುತ್ತೇವೆ.

ಸ್ಟ್ರಾಡಿವರಿ 1712ರಲ್ಲಿ ಮಾಡಿದ ‘ಡೇವಿಡಾಫ್’ ಎಂಬ ಸೆಲ್ಲೊ (ಕೂತು ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಇದೆ. 1960ರ ದಶಕದಲ್ಲಿ ಅದು ಸೆಲ್ಲೊ ವಾದಕಿ ಜಾಕ್ಲಿನ್ ಡು ಪ್ರೆ ಅವರಿಗೆ ಉಡುಗೊರೆಯಾಗಿ ಬಂತು. ಅವರದು ಮೈಮರೆತು, ಸೆಲ್ಲೊದ ಮೇಲೆ ಮುಗಿಬಿದ್ದು ನುಡಿಸುವ ರೀತಿ. ಈ ಸೆಲ್ಲೊ ಯಾವಾಗ ಹೇಗೆ ಸ್ಪಂದಿಸುತ್ತದೋ ಹೇಳಲಾಗದು ಎಂದು ಅವರಿಗೆ ಬೇಸರ. 1970ರಲ್ಲಿ ಸರ್ಜಿಯೊ ಪೆರೆಸ್ಸನ್ ಮಾಡಿದ ಹೊಚ್ಚ ಹೊಸ ಸೆಲ್ಲೊ ಹಿಡಿದವರು ಮುಂದೆ ಹೆಚ್ಚಾಗಿ ಅದನ್ನೇ ನುಡಿಸಿದರು. ಆಮೇಲೆ ಡೇವಿಡಾಫ್ ಇನ್ನೊಬ್ಬ ಸೆಲ್ಲೊ ವಾದಕ ಯೋ-ಯೋ ಮಾ ಅವರ ಕೈಸೇರಿತು. ಅದನ್ನು ಓಲೈಸಬೇಕು, ಮೇಲೆ ಬಿದ್ದಷ್ಟೂ ಅದು ಮರಳಿ ಕೊಡುವುದು ಕಡಿಮೆ ಎಂಬರ್ಥದಲ್ಲಿ ಅವರು ಹೇಳಿದ್ದಾರೆ. ಅವರಿಗೆ ಅದು ಪ್ರಾಣ. ಮರ ಅದೇ, ತಯಾರಕ ಅವನೇ. ಒಬ್ಬ ಮಹಾನ್ ಕಲಾವಿದೆಗೆ ಒಲಿಯಲಿಲ್ಲ, ಇನ್ನೊಬ್ಬರಿಗೆ ಒಲಿಯಿತು. ಇಲ್ಲಿ ಕುಣಿಯಲಾರದವರು ಯಾರು, ನೀವೇ ಹೇಳಿ! ನೆಲ ಡೊಂಕೂ ಅಲ್ಲ. ಹೆಜ್ಜೆಗೂ ನೆಲಕ್ಕೂ ಹೊಂದಲಿಲ್ಲ, ಅಷ್ಟೇ.

ಪಿಯಾನೊ ವಾದಕ ಗ್ಲೆನ್ ಗೌಲ್ಡ್ ಇನ್ನೂ ವಿಚಿತ್ರ. ಸಿಡಿ 318 ಎಂಬ ಸಂಖ್ಯೆಯ ಒಂದು ಸ್ಟೈನ್‌ವೇ ಪಿಯಾನೊ ಅವರಿಗೆ ಅಚ್ಚುಮೆಚ್ಚು. ಅದರ ನಾದಕ್ಕಿಂತ ಕೀಲಿಗಳ ಹಗುರ ಸ್ಪರ್ಶಕ್ಕೆ ಅವರು ಮನಸೋತಿದ್ದರು. ಆ ಹಗುರವನ್ನು ಇನ್ನಷ್ಟು ತಿದ್ದಿಸಲು ಹೋಗಿ, ನಿಧಾನಗತಿಯ ಭಾಗಗಳಲ್ಲಿ ಮಧ್ಯದ ಸ್ವರಗಳು ಬಿಕ್ಕಳಿಸಿದಂತೆ ಕೇಳತೊಡಗಿದವು. ಬೇರೆಯವರಾಗಿದ್ದರೆ ಪಿಯಾನೊ ಬದಲಿಸುತ್ತಿದ್ದರು. ಗೌಲ್ಡ್ ಜರ್ಮನ್ ಸಂಗೀತಕಾರ ಬಾಖ್‌ನ ಕೃತಿಗಳನ್ನು ಅದರಲ್ಲೇ ಧ್ವನಿಮುದ್ರಿಸಿ, ಬಿಕ್ಕಳಿಕೆಯ ಸಂಗತಿಯನ್ನು ರೆಕಾರ್ಡಿನ ಹೊದಿಕೆಯ ಮೇಲೆಯೇ ಬರೆದು ಬಿಡುಗಡೆ ಮಾಡಿದರು. 1971ರಲ್ಲಿ ಸಾಗಣೆಯ ವೇಳೆ ಆ ಪಿಯಾನೊ ಬಿದ್ದು ಕೆಟ್ಟಿತು, ದುರಸ್ತಿಯ ಬಳಿಕವೂ ಮೊದಲಿನಂತಾಗಲಿಲ್ಲ. 1981ರಲ್ಲಿ ಬಾಖ್‌ನ ‘ಗೋಲ್ಡ್‌ಬರ್ಗ್’ ಕೃತಿಯ ಧ್ವನಿಮುದ್ರಣಕ್ಕೆ ಅವರು ಯಮಾಹಾ ಪಿಯಾನೊಗೆ ಬಂದರು. ಆದರೆ ತಂದೆ ಕಾಲು ಕತ್ತರಿಸಿ ಗಿಡ್ಡ ಮಾಡಿಕೊಟ್ಟಿದ್ದ ಮಡಚುವ ಕುರ್ಚಿಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಆ ಕುರ್ಚಿಯನ್ನೂ ಅವರ ವಾದ್ಯದ ಭಾಗವೆಂದೇ ಎಣಿಸಬೇಕು.

ನೀವು ವ್ಯಾಮೋಹ ಎಂದಿರಲ್ಲ, ಅದಕ್ಕೆ ಒಂದು ನಿಜವಾದ ಉದಾಹರಣೆ ಅಮೆರಿಕದ ಗಿಟಾರ್ ವಾದಕ ಬಿ. ಬಿ. ಕಿಂಗ್ ಅವರದು. 1949ರ ಚಳಿಗಾಲದಲ್ಲಿ ಅರ್ಕನ್ಸಾದ ಟ್ವಿಸ್ಟ್ ಎಂಬಲ್ಲಿ ಅವರು ನುಡಿಸುತ್ತಿದ್ದ ಕೋಣೆಯಲ್ಲಿ ಇಬ್ಬರು ಬಡಿದಾಡಿ, ಸೀಮೆಎಣ್ಣೆಯ ಒಲೆ ಉರುಳಿ ಬೆಂಕಿ ಹತ್ತಿತು. ಹೊರಗೆ ಓಡಿಬಂದ ಕಿಂಗ್ ಗಿಟಾರಿಗಾಗಿ ಮತ್ತೆ ಒಳಗೆ ನುಗ್ಗಿದರು. ಜಗಳ ಲುಸೀಲ್ ಎಂಬ ಹೆಂಗಸಿನ ವಿಷಯಕ್ಕೆ ಎಂದು ಮರುದಿನ ತಿಳಿಯಿತು. ಇನ್ನು ಇಂಥ ಹುಚ್ಚುತನ ಮಾಡಬಾರದೆಂಬ ನೆನಪಿಗೆ ಗಿಟಾರಿಗೆ ಆ ಹೆಸರನ್ನೇ ಇಟ್ಟರು. ಮುಂದೆ ಅವರ ಕೈಗೆ ಬಂದ ಎಷ್ಟೋ ಗಿಟಾರುಗಳು ಲುಸೀಲ್‌ಗಳೇ. ಹೆಸರು ಉಳಿಯಿತು, ಮರ ಬದಲಾಯಿತು. ಇಲ್ಲಿ ನಿಮಗೊಂದು ಅಂಕ ಕೊಡುತ್ತೇನೆ, ಪೂರ್ತಿಯಲ್ಲ. ಧ್ವನಿವರ್ಧಕದ ಜೊತೆ ಸೇರಿ ಗಿಟಾರು ಕೂಗಿಕೊಳ್ಳದಿರಲೆಂದು ಅವರು ಅದರ ಮೈಮೇಲಿನ ರಂಧ್ರಗಳಿಗೆ ಬಟ್ಟೆ ತುರುಕುತ್ತಿದ್ದರು. ಕೊನೆಗೆ ಗಿಬ್ಸನ್ ಕಂಪನಿ ಅವರಿಗಾಗಿ ರಂಧ್ರಗಳೇ ಇಲ್ಲದ ಲುಸೀಲ್ ಮಾದರಿಯನ್ನು ತಂದಿತು. ಭಾವುಕತೆಯ ಒಳಗೂ ಇಂಥ ಲೆಕ್ಕಾಚಾರ ಇದ್ದೇ ಇರುತ್ತದೆ.

ಮರವನ್ನೂ ಬದಲಿಸದೆ ಒಂದೇ ಗಿಟಾರಿಗೆ ಅಂಟಿಕೊಂಡವರು ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್. ಅವರ ‘ಟ್ರಿಗರ್’ ಗಿಟಾರಿನ ಮೈಯಲ್ಲಿರುವ ತೂತನ್ನು ನೀವು ಚಿತ್ರದಲ್ಲಿ ನೋಡಿರಬಹುದು. ಬೆರಳಿನಿಂದ ಮೀಟುವ ಬಗೆಯ ಗಿಟಾರಾದ್ದರಿಂದ ಅದಕ್ಕೆ ರಕ್ಷಣೆಯ ಪಟ್ಟಿ ಇರಲಿಲ್ಲ. ಅವರು ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿದು ದಶಕಗಟ್ಟಲೆ ನುಡಿಸಿದ್ದಕ್ಕೆ ಮರ ಸವೆದೇ ಹೋಯಿತು.

ವಾದ್ಯವನ್ನು ತಮಗೆ ಬೇಕಾದಂತೆ ಬಗ್ಗಿಸಿಕೊಂಡವರೂ ಇದ್ದಾರೆ. ಮೈಕು ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದ್ದು ನಿಮಗೆ ಗೊತ್ತೇ ಇದೆ. ಮ್ಯಾಂಡೊಲಿನ್ ಶ್ರೀನಿವಾಸ್ ಅವರು ಜೋಡಿ ತಂತಿಗಳ ಎಂಟು ತಂತಿಯ ವಾದ್ಯ ಬಿಟ್ಟು, ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು. ಗಮಕಕ್ಕೆ ತಂತಿಯನ್ನು ಎಳೆಯಬೇಕು, ಎಳೆದ ಮೇಲೂ ನಾದ ನಿಲ್ಲಬೇಕು. ಜೋಡಿ ತಂತಿಯಲ್ಲಿ ಅದು ಕಷ್ಟ. ಇವರನ್ನೆಲ್ಲ ನೆಲ ದೂರಿದವರು ಎನ್ನುತ್ತೀರಾ? ಡೊಂಕು ಕಂಡಲ್ಲಿ ನೆಲವನ್ನೇ ಸಮ ಮಾಡಿಕೊಂಡವರು.

ಈಗ ನಿಮ್ಮ ಮಗಳ ವಿಚಾರ. ಆಕೆಯ ದೂರು ಏನೆಂದು ಮೊದಲು ಬಿಡಿಸಿ ಕೇಳಿ. ತಂತಿ ಒತ್ತಲು ಬೆರಳು ನೋಯುತ್ತದೆ, ಶ್ರುತಿ ನಿಲ್ಲುವುದಿಲ್ಲ, ಒಂದು ತಂತಿ ಮಾತ್ರ ಮಂಕು ಎಂದರೆ ಬಹುಪಾಲು ರಿಪೇರಿಯ ಮಾತು. ತಂತಿಗಳನ್ನು ಹೊತ್ತ ಕುದುರೆಯ ಎತ್ತರ, ಶ್ರುತಿ ಮಾಡುವ ಬಿರಡೆಗಳ ಬಿಗಿ, ಒಳಗಿನ ಸೌಂಡ್ ಪೋಸ್ಟ್ ಎಂಬ ಪುಟ್ಟ ಮರದ ಕಡ್ಡಿ ನಿಂತ ಜಾಗ, ಹಳಸಿದ ತಂತಿ, ಇವನ್ನು ಬಲ್ಲವರಿಂದ ಸರಿಮಾಡಿಸಿ ಕೆಲವು ವಾರ ನುಡಿಸಲಿ. ಕಮಾನಿನ ಕೂದಲನ್ನೂ ನೋಡಿಸಿ. ಪಿಟೀಲಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಕಮಾನಿನವೇ ಎಷ್ಟೋ.

ಅಷ್ಟಾದ ಮೇಲೂ, ಮನಸ್ಸಿನಲ್ಲಿರುವುದು ಕೈಯಲ್ಲಿ ಬರುತ್ತಿಲ್ಲ ಎಂದು ಆಕೆಯೂ ಗುರುಗಳೂ ಹೇಳಿದರೆ ಕೊಡಿಸಿ. ತನ್ನದೇ ಕಮಾನು ಒಯ್ದು, ನಾಲ್ಕಾರು ಪಿಟೀಲುಗಳಲ್ಲಿ ಒಂದೇ ವರ್ಣ ನುಡಿಸಲಿ. ನೀವು ಕೋಣೆಯ ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತು ಕೇಳಿ. ಬೆಲೆಯ ಚೀಟಿಗಳನ್ನು ಮೊದಲೇ ತೆಗೆಸಿಡಿ, ಆಕೆ ಒಂದನ್ನು ಆರಿಸುವವರೆಗೂ ಕೇಳಬೇಡಿ.

— ಸಂಪಾದಕ