ಜೆಲ್ ಔಷಧದೊಳಗಿನ ಕಾರ್ಬೋಮರ್

ಪ್ರಶ್ನೆ: ನೋವಿಗೆ ಹಚ್ಚುವ ಜೆಲ್‌ನ ಟ್ಯೂಬಿನ ಮೇಲೆ ‘ಕಾರ್ಬೋಮರ್’ ಎಂದಿದೆ. ಇದೂ ಔಷಧವೇ? ಹಚ್ಚಿದೊಡನೆ ಜೆಲ್ ನೀರಾಗುವುದೇಕೆ?

ಉತ್ತರ: ಔಷಧವಲ್ಲ, ಔಷಧವನ್ನು ಹಿಡಿದಿಡುವ ಮಾಧ್ಯಮಕ್ಕೆ ಮಂದತೆ ಕೊಡುವ, ಅಕ್ರಿಲಿಕ್ ಆಮ್ಲದ ಪಾಲಿಮರ್ (ಪುಟ್ಟ ಅಣುಗಳು ಸರಪಳಿಯಂತೆ ಜೋಡಿಕೊಂಡಾದ ಬೃಹತ್ ಅಣು). ನೀರಿನಲ್ಲಿ ಕದಡಿದಾಗ ಆಮ್ಲೀಯವಾಗಿ, ತೆಳುವಾಗಿಯೇ ಇರುವ ಈ ಮಿಶ್ರಣಕ್ಕೆ ಟ್ರೈಎಥನೋಲಮೈನ್‌ನಂತಹ ಪ್ರತ್ಯಾಮ್ಲವನ್ನು ಸೇರಿಸಿದರೆ, ಪಾಲಿಮರ್‌ನ ಕಾರ್ಬಾಕ್ಸಿಲ್ ಗುಂಪುಗಳು (ಆಮ್ಲಗುಣ ಕೊಡುವ ಪರಮಾಣು ಗುಂಪುಗಳು) ಋಣ ವಿದ್ಯುದಂಶ ಪಡೆದು ಒಂದನ್ನೊಂದು ವಿಕರ್ಷಿಸುವುದರಿಂದ, ಸುರುಳಿಗೊಂಡಿದ್ದ ಅಣುಸರಪಳಿಗಳು ಬಿಚ್ಚಿಕೊಂಡು ನೀರನ್ನು ಹೀರಿ ಉಬ್ಬುತ್ತವೆ; ಮಿಶ್ರಣ ಮಂದವಾಗಿ ಜೆಲ್ ಆಗುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ಶೇ. 0.5ರಿಂದ 2ರಷ್ಟು ಪಾಲಿಮರ್ ಸಾಕಾಗುವುದು ನಿಜಕ್ಕೂ ಸೋಜಿಗ. ಚರ್ಮದ ಮೇಲಿರುವ ಬೆವರಿನ ಲವಣವು ಆ ವಿಕರ್ಷಣೆಯನ್ನು ಕುಗ್ಗಿಸುವುದರಿಂದ ಜೆಲ್ ಬೇಗನೆ ಸಡಿಲಗೊಳ್ಳುತ್ತದೆ. ಇದರಿಂದ ಔಷಧ ಕೆಟ್ಟಿದೆಯೆಂದು ಭಾವಿಸಬೇಕಿಲ್ಲ. ಔಷಧದ ಪುಟ್ಟ ಅಣುಗಳು ಚರ್ಮದೊಳಕ್ಕೆ ಇಳಿದರೂ, ಬೃಹತ್ ಗಾತ್ರದ ಈ ಪಾಲಿಮರ್ ಮೇಲೆಯೇ ಉಳಿದು, ತೊಳೆದಾಗ ಹೋಗುತ್ತದೆ.