ಮಾವಿನ ಮರಕ್ಕೆ ಸೀರಿಯಲ್ ಸೆಟ್: ಮೊಳೆ ಮಾತ್ರ ಬೇಡ

ದೀಪಾವಳಿಗೆ ಮನೆ ಮುಂದಿನ ಮಾವಿನ ಮರಕ್ಕೆ ಸೀರಿಯಲ್ ಸೆಟ್ ಹಾಕಲು ಮೊಳೆ ಹೊಡೆಯಬಹುದಾ, ಮಳೆ ಬಂದರೆ ಶಾಕ್ ಹೊಡೆಯುತ್ತಾ ಅಂತ ಕೇಳಿದ್ದೀರಿ.

ದಯವಿಟ್ಟು ಮೊಳೆ ಹೊಡೆಯಬೇಡಿ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲೇ. ಅಲ್ಲಿ ಗಾಯವಾದರೆ ಶಿಲೀಂಧ್ರಕ್ಕೂ ಹುಳಕ್ಕೂ ದಾರಿಯಾಗುತ್ತದೆ. ಹಳೆ ಬಟ್ಟೆಯ ಪಟ್ಟಿಯಿಂದ, ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ. ಹಬ್ಬ ಮುಗಿದ ಮೇಲೆ ಮರೆಯದೆ ಬಿಚ್ಚಿ. ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಕೊಂಬೆ ದಪ್ಪವಾದಂತೆ ವೈರ್ ತೊಗಟೆಯೊಳಗೆ ಹೂತುಹೋಗುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಇನ್ನು ಮಳೆ. ದೀಪಾವಳಿ ಹೊತ್ತಿಗೆ ಹಿಂಗಾರು ಇರುತ್ತದೆ ಅಲ್ವಾ? ಮನೆಯೊಳಗೆ ಹಾಕುವ ಅಗ್ಗದ ಸರ ಒದ್ದೆಯಾದರೆ ಶಾಕ್ ಹೊಡೆಯಬಹುದು, ಹೊರಗೆ ಬೇಡವೇ ಬೇಡ. ಅಡಾಪ್ಟರ್ ಇರುವ 12 ಅಥವಾ 24 ವೋಲ್ಟಿನ ಎಲ್ಇಡಿ ಸರ, ಡಬ್ಬದ ಮೇಲೆ ಐಪಿ65 (ಧೂಳು, ಮಳೆನೀರು ತಡೆಯುತ್ತದೆ ಅನ್ನುವ ಗುರುತು) ಅಂತ ಇರುವುದನ್ನು ತಗೊಳ್ಳಿ. ಎಲ್ಇಡಿ ಜಾಸ್ತಿ ಬಿಸಿಯಾಗುವುದಿಲ್ಲ, ಎಲೆಗೂ ಒಳ್ಳೆಯದು. ಅಡಾಪ್ಟರ್ ಮನೆಯೊಳಗೇ ಇರಲಿ. ಜಾಯಿಂಟ್‌ಗೆ ಸುಮ್ನೆ ಟೇಪ್ ಸುತ್ತಿದರೆ ನೀರು ಒಳಗೆ ಹೋಗುವುದು ತಪ್ಪುವುದಿಲ್ಲ, ಹೊರಗೆ ಜಾಯಿಂಟ್ ಬರದ ಹಾಗೇ ನೋಡಿಕೊಳ್ಳಿ. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವುದು ಅದು. ಲೋಡ್ ಜಾಸ್ತಿಯಾದಾಗ ಬೀಳುವ ಸಾಮಾನ್ಯ ಎಂಸಿಬಿ ಸ್ವಿಚ್ ಆ ಕೆಲಸ ಮಾಡುವುದಿಲ್ಲ.

ಬೀದಿಯ ಕರೆಂಟ್ ತಂತಿ ಕೊಂಬೆಯ ಹತ್ತಿರ ಹಾದುಹೋಗಿದೆಯಾ? ಹಾಗಿದ್ದರೆ ಆ ಮರ ಬಿಟ್ಟುಬಿಡಿ, ಅಲ್ಯೂಮಿನಿಯಂ ಏಣಿಯನ್ನಂತೂ ಅಲ್ಲಿ ಎತ್ತಲೇಬೇಡಿ. ಮಲಗುವ ಮುಂಚೆ ದೀಪ ಆರಿಸಿ, ಮರದಲ್ಲಿ ತಂಗುವ ಹಕ್ಕಿಗಳಿಗೆ ಕತ್ತಲು ಬೇಕು.

ಮರ ಎಷ್ಟು ಎತ್ತರ, ಪ್ಲಗ್ ಎಷ್ಟು ದೂರ ಅಂತ ತಿಳಿಸಿದರೆ ಎಷ್ಟು ಉದ್ದದ ಸರ ಸಾಕು ಅಂತ ಹೇಳುತ್ತೇನೆ.