ಹೊಳೆ ದಂಡೆಯ ಊರಲ್ಲಿ ಒಂದು ರಾತ್ರಿ ಇರಿ

ಓದುಗರ ಪತ್ರ: ಜುಲೈ ಮೊದಲ ವಾರ ಮ್ಯೂನಿಕ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ನಡುವೆ ಮೂರು ದಿನ ವಿಯೆನ್ನಾ. ಅದರಲ್ಲಿ ಒಂದು ದಿನ ಬಸ್ ಟೂರ್: ಬೆಳಿಗ್ಗೆ ಮೆಲ್ಕ್ ಮಠ, ಅಲ್ಲಿಂದ ಡ್ಯಾನ್ಯೂಬ್ ನದಿಯಲ್ಲಿ ಬೋಟು, ಡ್ಯೂರ್ನ್‌ಸ್ಟೈನ್‌ನಲ್ಲಿ 45 ನಿಮಿಷ, ಕ್ರೆಮ್ಸ್‌ನಲ್ಲಿ ಬಸ್ ಹತ್ತಿ ವಾಪಸ್. ಮಗ ಮಾತ್ರ ಕ್ರೆಮ್ಸ್‌ನಲ್ಲಿ ಒಂದು ರಾತ್ರಿ ಉಳಿಯೋಣ ಎನ್ನುತ್ತಾನೆ. ಇಪ್ಪತ್ತೈದು ಸಾವಿರ ಜನರ ಊರಲ್ಲಿ ರಾತ್ರಿ ಉಳಿದು ಮಾಡುವುದೇನು? ನಾವು ಸಸ್ಯಾಹಾರಿಗಳು, ನನ್ನ ಹೆಂಡತಿಗೆ ಮಂಡಿನೋವು ಬೇರೆ. ನಿಮ್ಮ ಅಭಿಪ್ರಾಯ ತಿಳಿಸಿ. (ಮೈಸೂರಿನ ಓದುಗರೊಬ್ಬರು)

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮಗನ ಮಾತು ಕೇಳಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ‘ರಾತ್ರಿ ಉಳಿದು ಮಾಡುವುದೇನು’ ಎಂದು ಕೇಳಿದ್ದೀರಲ್ಲ, ಅದಕ್ಕೆ ಸಾವಧಾನವಾಗಿ ಉತ್ತರ ಕೊಡದಿದ್ದರೆ ನಮಗೆ ಸಮಾಧಾನವಿಲ್ಲ.

ಬಸ್ ಟೂರಿಗೂ ಅದರದೇ ಅನುಕೂಲವಿದೆ. ಟಿಕೆಟ್, ಬೋಟು, ಮಠದ ಪ್ರವೇಶ ಎಲ್ಲ ಒಬ್ಬರ ಕೈಯಲ್ಲೇ ಮುಗಿಯುತ್ತದೆ. ಭಾಷೆ ಬಾರದವರಿಗೆ, ವಯಸ್ಸಾದವರಿಗೆ ಅದು ಸಣ್ಣ ನೆಮ್ಮದಿಯಲ್ಲ.

ಆದರೆ ಡ್ಯೂರ್ನ್‌ಸ್ಟೈನ್‌ನ ಆ 45 ನಿಮಿಷದ ಲೆಕ್ಕ ಹಾಕಿ ನೋಡಿ. ಬೋಟು ಇಳಿದು ಮೆಟ್ಟಿಲು ಹತ್ತಿ ಮುಖ್ಯ ಬೀದಿ ಸೇರುವಾಗಲೇ ಹತ್ತು ನಿಮಿಷ ಹೋಯಿತು. ಬೆಟ್ಟದ ಮೇಲಿನ ಪಾಳು ಕೋಟೆಗೆ ಕಲ್ಲು ಹಾದಿಯಲ್ಲಿ ಏರಲು ಆರೋಗ್ಯವಂತರಿಗೇ 25–30 ನಿಮಿಷ ಬೇಕು. ಹಾಗಾಗಿ ಟೂರಿನವರಿಗೆ ಆ ಕೋಟೆ ಕೆಳಗಿನಿಂದ ತೋರಿಸುವ ಬೆರಳಿನ ತುದಿಯಲ್ಲಿ ಮಾತ್ರ ಇರುತ್ತದೆ. ಕ್ರುಸೇಡ್ ಎಂಬ ಧರ್ಮಯುದ್ಧ ಮುಗಿಸಿ ಊರಿಗೆ ಮರಳುತ್ತಿದ್ದ ಇಂಗ್ಲೆಂಡಿನ ಅರಸ ಒಂದನೇ ರಿಚರ್ಡ್ 1192ರ ಡಿಸೆಂಬರಿನಲ್ಲಿ ವಿಯೆನ್ನಾ ಬಳಿ ಸಿಕ್ಕಿಬಿದ್ದ. ಆಸ್ಟ್ರಿಯಾದ ಡ್ಯೂಕ್ ಐದನೇ ಲಿಯೋಪೋಲ್ಡ್ ಅವನನ್ನು ಸೆರೆಯಿಟ್ಟದ್ದು ಈ ಕೋಟೆಯಲ್ಲಿ. 1193ರ ವಸಂತದಲ್ಲಿ ಅವನು ಚಕ್ರವರ್ತಿ ಆರನೇ ಹೆನ್ರಿಯ ವಶವಾದ. ಬಿಡುಗಡೆಯ ಬೆಲೆ 1,50,000 ಮಾರ್ಕ್ ಬೆಳ್ಳಿ. ಅದಕ್ಕಾಗಿ ಇಂಗ್ಲೆಂಡಿನಲ್ಲಿ ಜನರ ಆದಾಯದ ಕಾಲು ಭಾಗವನ್ನೇ ತೆರಿಗೆಯಾಗಿ ಎತ್ತಿದರು. ಲಿಯೋಪೋಲ್ಡನ ಪಾಲಿಗೆ ಬಂದ ಬೆಳ್ಳಿಯಿಂದ ವಿಯೆನ್ನಾದ ಕೋಟೆಗೋಡೆ ಎದ್ದಿತು, ವೀನರ್ ನಾಯ್‌ಸ್ಟಾಟ್ ಎಂಬ ಹೊಸ ಊರು ಹುಟ್ಟಿತು. ಕೋಟೆ ಪಾಳಾದದ್ದು 1645ರಲ್ಲಿ, ಸ್ವೀಡನ್ನಿನ ಸೈನ್ಯದ ಕೈಯಲ್ಲಿ. ಕೋಟೆ ಕೋಟೆ ಹುಡುಕುತ್ತ ಹಾಡಿಕೊಂಡು ಬಂದ ಗಾಯಕ ಅರಸನನ್ನು ಪತ್ತೆಹಚ್ಚಿದ ಕಥೆಯನ್ನು ಗೈಡ್ ಹೇಳಿಯೇ ಹೇಳುತ್ತಾರೆ. ಅದು ದಂತಕಥೆ. ಬೆಳ್ಳಿಯ ಲೆಕ್ಕ ನಿಜ.

ಕೋಟೆಗಿಂತ ದೊಡ್ಡ ನಷ್ಟ ಹೊಳೆಯದು. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 36 ಕಿಲೋಮೀಟರ್ ಕಣಿವೆಗೆ ವಾಖಾವ್ ಎಂದು ಹೆಸರು; 2000ದಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇಲ್ಲಿನ ಊರುಗಳನ್ನು ಕಟ್ಟಿದ್ದೇ ಹೊಳೆ. ಬೋಟಿನ ವೇಳಾಪಟ್ಟಿ ನೋಡಿದರೆ ಸಾಕು: ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಹೊಳೆಯ ಜೊತೆ ಇಳಿಯಲು ಒಂದು ಮುಕ್ಕಾಲು ಗಂಟೆ, ಅದೇ ದಾರಿಯಲ್ಲಿ ಮೇಲೇರಲು ಸುಮಾರು ಮೂರು ಗಂಟೆ. ಇಂದಿನ ಎಂಜಿನ್ನಿಗೇ ಇಷ್ಟು ಹೊತ್ತು ಬೇಕು. ಉಗಿ ಹಡಗುಗಳು ಬರುವ ಮುಂಚೆ ಸರಕು ತುಂಬಿದ ದೋಣಿಗಳನ್ನು ದಂಡೆಯ ಮೇಲೆ ನಡೆಯುವ ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಇಂದು ಸೈಕಲ್ ಓಡುವ ದಾರಿ ಎಷ್ಟೋ ಕಡೆ ಆ ಕುದುರೆಗಳು ನಡೆದ ದಾರಿಯೇ. ಆದ್ದರಿಂದ ಮೆಲ್ಕ್‌ನಿಂದ ಕೆಳಗೆ ಬನ್ನಿ, ಉಲ್ಟಾ ಬೇಡ. ಬೋಟಿನಲ್ಲಿ ಎಡಗಡೆ ಕೂತುಕೊಳ್ಳಿ. ಸ್ಪಿಟ್ಸ್, ವೈಸನ್‌ಕಿರ್ಖೆನ್, ಡ್ಯೂರ್ನ್‌ಸ್ಟೈನ್ ಮೂರೂ ಎಡದಂಡೆಯ ಊರುಗಳು.

ಬೋಟು ನಿಲ್ಲುವುದು ಕ್ರೆಮ್ಸ್‌ನ ಪಕ್ಕದ ಸ್ಟೈನ್‌ನಲ್ಲಿ. ಟೂರ್ ಬಸ್ಸು ಅಲ್ಲೇ ಕಾದಿರುತ್ತದೆ, ಹತ್ತಿಸಿಕೊಂಡು ಹೊರಟುಬಿಡುತ್ತದೆ. ನಮಗೆ ಸಂಕಟವಾಗುವುದು ಇಲ್ಲಿ. ಕ್ರೆಮ್ಸ್‌ನ ಹೆಸರು 995ರಷ್ಟು ಹಿಂದೆಯೇ ದಾಖಲೆಯಲ್ಲಿದೆ. ಸ್ಟೈನ್ ಉಪ್ಪಿನ ಉಗ್ರಾಣ, ಸುಂಕದ ಕಟ್ಟೆ. ಆಲ್ಪ್ಸ್ ಕಡೆಯ ಉಪ್ಪು ಹೊಳೆಯಲ್ಲಿ ಇಳಿದು ಬಂದು, ಇಲ್ಲಿಂದ ಗಾಡಿ ಹತ್ತಿ ಬೊಹೀಮಿಯಾಕ್ಕೆ ಹೋಗುತ್ತಿತ್ತು. ‘ಕ್ರೆಮ್ಸ್ ಉಂಡ್ ಸ್ಟೈನ್ ಮೂರು ಊರು’ ಎಂಬ ಮಾತು ಅಲ್ಲಿನವರ ಬಾಯಲ್ಲಿದೆ: ಜರ್ಮನ್‌ನಲ್ಲಿ ‘ಉಂಡ್’ ಎಂದರೆ ‘ಮತ್ತು’, ಎರಡೂರಿನ ನಡುವಿನ ಹಳೆಯ ಮಠದ ಜಾಗದ ಹೆಸರೂ ಉಂಡ್! ಕ್ರೆಮ್ಸ್‌ನ ಸ್ಟೈನರ್ ಟೋರ್ ಹೆಬ್ಬಾಗಿಲಿನಿಂದ ಉಂಡ್ ದಾಟಿ ಸ್ಟೈನ್‌ನ ಹಳೇ ಬೀದಿಗೆ ಸಮತಟ್ಟಾದ ನಡಿಗೆ. ಮಂಡಿನೋವಿನವರೂ ನಿಧಾನವಾಗಿ ಹೋಗಬಹುದು. ಸಂಗೀತ ರಚನಕಾರ ಮೊಟ್ಸಾರ್ಟ್‌ನ ಕೃತಿಗಳ ಹೆಸರಿನ ಜೊತೆ ‘ಕೆ’ ಎಂಬ ಅಕ್ಷರ, ಒಂದು ಸಂಖ್ಯೆ ಇರುತ್ತದಲ್ಲ, 1862ರಲ್ಲಿ ಆ ಪಟ್ಟಿ ಪ್ರಕಟಿಸಿದ ಲುಡ್ವಿಗ್ ಫಾನ್ ಕೋಖೆಲ್ 1800ರಲ್ಲಿ ಹುಟ್ಟಿದ್ದು ಈ ಸ್ಟೈನ್‌ನಲ್ಲಿ. ದಾರಿಯಲ್ಲೇ ಸೆರೆಮನೆಯೂ ಸಿಗುತ್ತದೆ, ಇಂದಿಗೂ ಸೆರೆಮನೆಯೇ. 1945ರ ಏಪ್ರಿಲ್ 6ರಂದು ಅಲ್ಲಿಂದ ಬಿಡುಗಡೆಯಾಗುತ್ತಿದ್ದ ನೂರಾರು ಕೈದಿಗಳನ್ನು ನಾಜಿಗಳು ಕೊಂದರು. ಆ ಗೋಡೆಯ ಮುಂದೆ ಎರಡು ನಿಮಿಷ ನಿಲ್ಲಿ.

ಅಲ್ಲಿಂದ ಹೊಳೆಯ ಕಡೆ ಬನ್ನಿ, ನೆಲ ನೋಡಿ. ದಂಡೆಯ ಉದ್ದಕ್ಕೂ ನೆಲಮಟ್ಟದಲ್ಲಿ ಸಾಲಾಗಿ ಉಕ್ಕಿನ ತಟ್ಟೆಗಳನ್ನು ಹುದುಗಿಸಿರುತ್ತಾರೆ. ಪ್ರವಾಹದ ಮುನ್ಸೂಚನೆ ಬಂದ ಕೂಡಲೇ ಉಗ್ರಾಣದಿಂದ ಕಂಬಗಳು ಬರುತ್ತವೆ; ಒಂದೊಂದನ್ನೂ ಆ ತಟ್ಟೆಗಳಿಗೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಎರಡು ಕಂಬಗಳ ನಡುವೆ, ಕಂಬದ ಸೀಳಿನೊಳಗೆ ಅಲ್ಯೂಮಿನಿಯಂ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ, ಸಂದುಗಳಿಗೆ ರಬ್ಬರ್. ಊರಿನ ಅಗ್ನಿಶಾಮಕ ಸ್ವಯಂಸೇವಕರೇ ಗೋಡೆ ಎಬ್ಬಿಸುತ್ತಾರೆ, ನೀರು ಇಳಿದ ಮೇಲೆ ಬಿಚ್ಚಿ ಒಳಗಿಡುತ್ತಾರೆ. ಇದಕ್ಕೂ ಸೋಲುಂಟು: ಮೇಲಿನ ಗೋಡೆ ಎಷ್ಟೇ ಬಿಗಿಯಿದ್ದರೂ ನೀರು ನೆಲದಡಿಯಿಂದ ಒಸರಿ ನೆಲಮಾಳಿಗೆ ಸೇರುತ್ತದೆ. ಅದಕ್ಕೆ ಮಣ್ಣಿನೊಳಗೂ ತಡೆ ಬೇಕು, ಹಿಂದೆ ಪಂಪುಗಳು ಬೇಕು. ಇಷ್ಟೆಲ್ಲ ಕಷ್ಟಪಡುವ ಬದಲು ಒಂದು ಕಾಂಕ್ರೀಟ್ ಗೋಡೆ ಕಟ್ಟಿದ್ದರೆ ಅಗ್ಗವಾಗುತ್ತಿತ್ತು, ಆದರೆ ವರ್ಷವಿಡೀ ಊರಿಗೆ ಹೊಳೆ ಕಾಣುತ್ತಿರಲಿಲ್ಲ. 2002, 2013ರ ಪ್ರವಾಹ ಕಂಡ ಕಣಿವೆಯವರು ಹೊಳೆಯನ್ನು ಮರೆಮಾಡಲು ಒಪ್ಪಿಲ್ಲ. ಮನೆಗಳ ಗೋಡೆಯ ಮೇಲೆ ಗೀಟು ಎಳೆದು ಇಸವಿ ಕೆತ್ತಿರುವುದನ್ನು ಕಂಡರೆ ಪಕ್ಕದಲ್ಲಿ ನಿಂತು ನೋಡಿ, ನಿಮ್ಮ ತಲೆ ಎಲ್ಲಿಗೆ ಬರುತ್ತದೆ ಎಂದು.

ಮರುದಿನಕ್ಕೆ ನಮ್ಮ ಪ್ರೀತಿಯ ವಸ್ತುವೊಂದಿದೆ. ವೈಸನ್‌ಕಿರ್ಖೆನ್‌ನಲ್ಲಿ, ಸ್ಪಿಟ್ಸ್‌ನಲ್ಲಿ ಎಂಜಿನ್ ಇಲ್ಲದೆ ಹೊಳೆ ದಾಟುವ ಕಡವು ದೋಣಿಗಳಿವೆ, ಕಾರನ್ನೂ ಹೊರುತ್ತವೆ. ದಂಡೆಯಿಂದ ದಂಡೆಗೆ ಎತ್ತರದಲ್ಲಿ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಅದರ ಮೇಲೆ ರಾಟೆ ಓಡುತ್ತದೆ, ರಾಟೆಗೆ ಇನ್ನೊಂದು ಹಗ್ಗದಿಂದ ದೋಣಿ ಕಟ್ಟಿದೆ. ಅಂಬಿಗ ಚುಕ್ಕಾಣಿ ತಿರುಗಿಸಿ ದೋಣಿಯನ್ನು ಸೆಳವಿಗೆ ಓರೆಯಾಗಿ ನಿಲ್ಲಿಸುತ್ತಾನೆ. ನೀರು ಪಕ್ಕಕ್ಕೆ ಬಂದು ಒತ್ತುತ್ತದೆ, ಕೆಳಗೆ ಕೊಚ್ಚಿಹೋಗಲು ಹಗ್ಗ ಬಿಡುವುದಿಲ್ಲ, ಬೇರೆ ದಾರಿಯಿಲ್ಲದೆ ದೋಣಿ ಅಡ್ಡಕ್ಕೆ ಸರಿಯುತ್ತದೆ. ವಾಪಸ್ ಬರಲು ಓರೆಯನ್ನು ಆ ಕಡೆಗೆ ತಿರುಗಿಸಿದರಾಯಿತು. ನೀರು ತೀರಾ ಏರಿದರೆ, ತೀರಾ ಇಳಿದರೆ ದೋಣಿ ನಿಲ್ಲುತ್ತದೆ. ಹೊರಡುವ ಮುನ್ನ ನೀವು ಉಳಿದುಕೊಂಡ ಜಾಗದಲ್ಲಿ ವಿಚಾರಿಸಿ.

ಈ ದೋಣಿ ಓಡಬೇಕಾದರೆ ಹೊಳೆ ಹರಿಯಬೇಕು. ಆಸ್ಟ್ರಿಯಾದ ಡ್ಯಾನ್ಯೂಬ್ ಉದ್ದಕ್ಕೂ ವಿದ್ಯುತ್ ಅಣೆಕಟ್ಟುಗಳ ಸರಣಿಯೇ ಇದೆ; ವಾಖಾವ್‌ನ ಕೆಳಗೆ ಆಲ್ಟನ್‌ವೋರ್ಥ್, ಮೇಲೆ ಮೆಲ್ಕ್. ನಡುವಿನ ಈ ಕಣಿವೆಗೂ ಒಂದನ್ನು ಹಾಕುವ ಯೋಜನೆ 1970–80ರ ದಶಕಗಳಲ್ಲಿ ಇತ್ತು. ಊರಿನವರು ಎದ್ದು ನಿಂತು ತಡೆದರು. ಇಂದು ಆ ದೇಶದಲ್ಲಿ ಡ್ಯಾನ್ಯೂಬ್ ತಡೆಯಿಲ್ಲದೆ ಹರಿಯುವುದು ಎರಡೇ ಕಡೆ: ಇಲ್ಲಿ, ಮತ್ತು ವಿಯೆನ್ನಾದ ಪೂರ್ವಕ್ಕೆ. ಬೋಟಿನಲ್ಲಿ ನೀವು ಫೋಟೊ ತೆಗೆಯುವ ಆ ನೀರು ತನ್ನಷ್ಟಕ್ಕೆ ಉಳಿದದ್ದಲ್ಲ, ಜನ ಉಳಿಸಿಕೊಂಡದ್ದು. ಟೂರಿನ ಕಾಗದದಲ್ಲಿ ಈ ಮಾತಿಗೆ ಒಂದು ಸಾಲಿನ ಜಾಗವಾದರೂ ಬೇಡವೇ?

‘ಇಪ್ಪತ್ತೈದು ಸಾವಿರ ಜನರ ಊರು’ ಎಂದು ನೀವು ಬರೆದ ಧಾಟಿಗೆ ನಮಗೆ ಸ್ವಲ್ಪ ಬೇಜಾರಾಯಿತು. ಜನಸಂಖ್ಯೆಯಿಂದ ಊರು ಅಳೆಯುವ ಅಭ್ಯಾಸ ನಿಮ್ಮೊಬ್ಬರದಲ್ಲ, ಅದನ್ನು ಬೆಳೆಸಿದ್ದು ನಮ್ಮ ಪ್ರವಾಸಿ ಬರವಣಿಗೆ. ‘ಏಳು ದೇಶ, ಹತ್ತು ದಿನ’ ಎಂದು ಜಾಹೀರಾತು. ಊರುಗಳನ್ನು ‘ಕವರ್ ಮಾಡಿದೆವು’ ಎಂದು ಮಾತು. ಆಸ್ಟ್ರಿಯಾದಲ್ಲೇ ಸರೋವರದ ದಂಡೆಯ ಹಾಲ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ಎಂಟುನೂರು ಜನವೂ ಇಲ್ಲ. 2023ರಲ್ಲಿ ಸೆಲ್ಫಿ ಜನರ ಕಾಟ ತಾಳಲಾರದೆ ದೃಶ್ಯಕ್ಕೇ ಅಡ್ಡವಾಗಿ ಮರದ ಬೇಲಿ ಹಾಕಿದರು, ಆಮೇಲೆ ತೆಗೆದರು. ಅಲ್ಲಿ ಜನ ಹೆಚ್ಚಾದರು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಬಂದವರೆಲ್ಲ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ಅಷ್ಟೇ ನಿಮಿಷಕ್ಕೆ ಬರುತ್ತಾರೆ. ಡ್ಯೂರ್ನ್‌ಸ್ಟೈನ್‌ನಲ್ಲೂ ಅದೇ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ದಿನದ ಬಸ್ಸುಗಳು ಸಂಜೆ ಹೊತ್ತಿಗೆ ಜಾಗ ಖಾಲಿ ಮಾಡಿದ ಮೇಲೂ ಬೆಳಕು ಗಂಟೆಗಟ್ಟಲೆ ಉಳಿದಿರುತ್ತದೆ. ರಾತ್ರಿ ಉಳಿದವರಿಗೆ ಸಿಗುವುದು ಆ ಹೊತ್ತು.

ಇನ್ನು ಏರ್ಪಾಡಿನ ಮಾತು. ದೊಡ್ಡ ಸೂಟ್‌ಕೇಸನ್ನು ವಿಯೆನ್ನಾದ ಹೋಟೆಲಿನಲ್ಲೇ ಬಿಡಿ. ಕ್ರೆಮ್ಸ್‌ನ ಕಲ್ಲುಹಾಸಿನ ಮೇಲೆ ಗಾಲಿ ಉರುಳುವುದಿಲ್ಲ. ಬೆಳಿಗ್ಗೆ ರೈಲಿನಲ್ಲಿ ಮೆಲ್ಕ್‌ಗೆ ಹೋಗಿ, ಬಹುಪಾಲು ಸಾಂಕ್ಟ್ ಪೋಲ್ಟನ್‌ನಲ್ಲಿ ಬದಲಿಸಬೇಕಾಗುತ್ತದೆ. ಮಠಕ್ಕೆ ಎರಡು ಗಂಟೆ ಇಡಿ. ಮರುಸಂಜೆ ಕ್ರೆಮ್ಸ್‌ನಿಂದ ವಿಯೆನ್ನಾದ ಫ್ರಾಂಜ್ ಯೋಸೆಫ್ಸ್ ನಿಲ್ದಾಣಕ್ಕೆ ನೇರ ರೈಲಿದೆ, ಒಂದು ಗಂಟೆ ಚಿಲ್ಲರೆ. ಶನಿವಾರ ರಾತ್ರಿ ಉಳಿಯುವುದಾದರೆ ಬ್ರೆಡ್ಡು, ಮೊಸರು, ಹಣ್ಣು ಸಂಜೆ ಆರರೊಳಗೆ ಕೊಂಡಿಟ್ಟುಕೊಳ್ಳಿ. ಭಾನುವಾರ ಅಂಗಡಿ ಬಾಗಿಲು ಮುಚ್ಚಿರುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ಇರುವ ದೇಶದಿಂದ ಪಡೆಯಬೇಕು. ಮ್ಯೂನಿಕ್‌ನಲ್ಲೇ ಹೆಚ್ಚು ದಿನ ಇದ್ದರೆ ಜರ್ಮನಿಗೇ ಅರ್ಜಿ ಹಾಕಿ, ಕ್ರೆಮ್ಸ್‌ನ ಒಂದು ರಾತ್ರಿ ಸೇರಿಸಿದ ಮೇಲೆ ಇನ್ನೊಮ್ಮೆ ಎಣಿಸಿ ನೋಡಿ.

ಊಟದ ಭಯ ಬೇಡ, ಎಚ್ಚರ ಇರಲಿ. ತರಕಾರಿ ಸೂಪಿನಂತೆ ಕಾಣುವುದರ ತಳದಲ್ಲೂ ಗೋಮಾಂಸದ ಸಾರು ಇರಬಹುದು. ‘ಮಾಂಸವಿಲ್ಲದ್ದು’ ಎಂದು ಕೇಳಿದರೆ ಹಂದಿಯ ಕೊಬ್ಬಿನ ಚೂರು ಲೆಕ್ಕಕ್ಕೆ ಬರದೆ ಹೋಗಬಹುದು. ‘ಓನೆ ಫ್ಲೈಶ್, ಓನೆ ಶ್ಪೆಕ್’ ಎಂದು ಎರಡನ್ನೂ ಬಿಡಿಸಿ ಹೇಳಿ. ದ್ರಾಕ್ಷಿ ಬೆಳೆಗಾರರು ತಮ್ಮ ಮನೆಯಲ್ಲೇ ವೈನ್, ತಿಂಡಿ ಮಾರುವ ಹೊಯ್ರಿಗರ್ ಎಂಬ ಜಾಗಗಳಿವೆ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕೊಟ್ಟ ಅನುಮತಿಯಿಂದ ಬೆಳೆದ ಪದ್ಧತಿ. ಬಾಗಿಲಿಗೆ ಹಸಿರು ಸೊಪ್ಪಿನ ಗೊಂಚಲು ಕಟ್ಟಿದ್ದರೆ ತೆರೆದಿದೆ ಎಂದರ್ಥ. ವೈನ್ ಕುಡಿಯದವರಿಗೆ ದ್ರಾಕ್ಷಿ ರಸ, ಜೊತೆಗೆ ಬ್ರೆಡ್ಡು, ಲಿಪ್ಟಾವರ್ ಎಂಬ ಕಾರ ಬೆರೆತ ಚೀಸ್. ನಗದು ಇಟ್ಟುಕೊಂಡು ಹೋಗಿ.

ಸಾಧ್ಯವಿದ್ದರೆ ಪ್ರಯಾಣವನ್ನು ಹತ್ತು ದಿನ ಮುಂದೆ ಹಾಕಿ. ವಾಖಾವ್‌ನ ಏಪ್ರಿಕಾಟ್ ಹಣ್ಣಾಗುವುದು ಜುಲೈ ನಡುವಿನಲ್ಲಿ. ಬೀಜ ತೆಗೆದ ಇಡೀ ಹಣ್ಣಿನೊಳಗೆ ಸಕ್ಕರೆ ಅಚ್ಚಿಟ್ಟು, ಗಟ್ಟಿ ಮೊಸರಿನಂಥ ಟಾಪ್‌ಫೆನ್ ಕಲಸಿದ ಹಿಟ್ಟಿನಲ್ಲಿ ಮುಚ್ಚಿ ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸುವ ಮರಿಲ್ಲೆನ್‌ಕ್ನೋಡೆಲ್ ತಿಂದರೆ ಕಡುಬು ಬಲ್ಲ ನಾಲಿಗೆಗೆ ಪರಕೀಯ ಎನಿಸುವುದಿಲ್ಲ. ಹಿಟ್ಟಿಗೆ ಮೊಟ್ಟೆ ಸೇರುವುದುಂಟು, ತಿನ್ನದವರು ಕೇಳಿಕೊಳ್ಳಿ. ಗಸಗಸೆ ಹಾಕಿದ ತಿಂಡಿಗಳೂ ಸಿಗುತ್ತವೆ. ರುಚಿ ಹತ್ತಿತೆಂದು ಗಸಗಸೆ ಪೊಟ್ಟಣ ಕೊಂಡು ದುಬೈ ಮಾರ್ಗವಾಗಿ ಮಾತ್ರ ವಾಪಸ್ ಬರಬೇಡಿ, ಅಲ್ಲಿ ಅದು ನಿಷಿದ್ಧ ವಸ್ತು.

ಕೊನೆಗೆ ನಿಮ್ಮ ಮನೆಯವರ ಮಂಡಿ. ಕೋಟೆ ಹತ್ತಲು ಒತ್ತಾಯ ಮಾಡಬೇಡಿ. ಇಳಿಯುವಾಗಲೇ ನೋವು ಹೆಚ್ಚು. ನೀವೂ ಮಗನೂ ಹೋಗುವುದಿದ್ದರೆ ಬಿಸಿಲೇರುವ ಮುಂಚೆ ಹೋಗಿ, ನೀರು ಕೆಳಗಿನಿಂದಲೇ ಒಯ್ಯಿರಿ. ಅವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಡ್ಯೂರ್ನ್‌ಸ್ಟೈನ್ ದಂಡೆಯಿಂದ ಎದುರಿನ ರೋಸಾಟ್ಸ್ ಕಡೆಗೆ ಸಣ್ಣ ಮೋಟಾರು ದೋಣಿ ಇದೆ. ಸಂಜೆ ಆ ದಂಡೆಗೆ ಹೋಗಿ ಕೂತರೆ ಡ್ಯೂರ್ನ್‌ಸ್ಟೈನ್ ಮಠದ ನೀಲಿ ಗೋಪುರ, ಅದರ ಹಿಂದೆ ಮನೆಗಳು, ದ್ರಾಕ್ಷಿಯ ಮೆಟ್ಟಿಲು ಹೊಲಗಳು, ನೆತ್ತಿಯಲ್ಲಿ ಕೋಟೆ, ಎಲ್ಲ ಒಂದೇ ನೋಟಕ್ಕೆ ಬರುತ್ತವೆ, ನಡುವೆ ಹೊಳೆ. ಹತ್ತಬೇಕಾದ ಬೆಟ್ಟವಿಲ್ಲ. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿಕೊಳ್ಳಿ. ಅದು ತಪ್ಪಿದರೆ ಮೌಟರ್ನ್ ಸೇತುವೆ ಸುತ್ತಿಕೊಂಡು ಸ್ಟೈನ್ ಸೇರಬೇಕಾಗುತ್ತದೆ.